ದನವೋ ಧನವೋ?

ಮುಂಬೈಯ ಲ್ಯಾಮಿಂಗ್ಟನ್ ರೋಡಿಗೋ ದೆಹಲಿಯ ನೆಹರೂ ಪ್ಲೇಸಿಗೋ ಚೆನ್ನೈನ ರಿಚಿ ಸ್ಟ್ರೀಟಿಗೋ ಹೋಗಿ, ಕಣ್ಣಿಗೆ ಹಿತವಾದ ಮಾನಿಟರ್ ಕೇಳಿದರೆ ಅಂಗಡಿಯವರು ಇಂಚು ಹೇಳುತ್ತಾರೆ, ಹರ್ಟ್ಸ್ ಹೇಳುತ್ತಾರೆ, ಡಬ್ಬದ ಮೇಲಿನ ‘ಐ ಕೇರ್’ ಸ್ಟಿಕ್ಕರ್ ತೋರಿಸುತ್ತಾರೆ. ಕನ್ನಡಕ ಹಾಕಿಕೊಂಡು ದಿನವಿಡೀ ಓದುವವರಿಗೆ ಈ ಸಲಹೆ ಬಹುಪಾಲು ದಂಡ. 144 ಹರ್ಟ್ಸ್ ಗೇಮ್ ಆಡುವವರಿಗಿರಲಿ. ಪುಟದಲ್ಲಿ ನಿಂತ ಅಕ್ಷರ ಎಲ್ಲಿಗೂ ಓಡುವುದಿಲ್ಲ.

ಓದಿಗೆ ಬೇಕಾದದ್ದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ. ಫುಲ್ ಎಚ್‌ಡಿ ಪರದೆ 24 ಇಂಚಿನದಾದರೆ ಸುಮಾರು 92. ಅದೇ 27 ಇಂಚಿಗೆ ಹಿಗ್ಗಿದರೆ 82. ಹೆಚ್ಚು ದುಡ್ಡು ಕೊಟ್ಟು ಒರಟು ಅಕ್ಷರ ಕೊಂಡಂತೆ. 27 ಇಂಚಿನ 4ಕೆಯಲ್ಲಿ ಇದು 163. (ಸ್ಕೇಲಿಂಗ್ 150 ಅಥವಾ 200ಕ್ಕೆ ಏರಿಸಬೇಕು, ಇಲ್ಲವಾದರೆ ಅಕ್ಷರ ಇರುವೆಯಾಗುತ್ತದೆ.) ಇಂಗ್ಲಿಷಿನವರು 92ರಲ್ಲಿ ಹೇಗೋ ಸುಧಾರಿಸಿಕೊಂಡಾರು. ಕನ್ನಡದಲ್ಲಿ ದನಕ್ಕೂ ಧನಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದ ಒಂದು ಸಣ್ಣ ಸೀಳು. ಒತ್ತಕ್ಷರವಂತೂ ಸಾಲಿನ ಕೆಳಗೆ ಪುಟ್ಟದಾಗಿ ಜೋತುಬಿದ್ದಿರುತ್ತದೆ. ಆ ಸೀಳಿನ ಪಾಲಿಗೆ ಒಂದೇ ಪಿಕ್ಸೆಲ್ ಬಂದರೆ ಓದುಗ ಓದುವುದಿಲ್ಲ, ಊಹಿಸುತ್ತಾನೆ.

ದುಡ್ಡಿನ ಮಾತು ಬರುತ್ತದೆ, ನಿಜ. 4ಕೆ ಅಗ್ಗವಲ್ಲ. ಆದರೆ ‘ಬ್ಲೂ ಕಟ್’ ಲೆನ್ಸಿಗೆ ಜನ ಹೆಚ್ಚುವರಿ ಹಣ ಸುರಿಯುತ್ತಲೇ ಇದ್ದಾರಲ್ಲ? 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸಕ್ಕೆ ಅಂಥ ಲೆನ್ಸಿನಿಂದ ಅಲ್ಪಾವಧಿಯಲ್ಲಿ ಪ್ರಯೋಜನವಿರಲಾರದು ಎಂದಿತು. ಆ ಹಣ ಪರದೆಗೆ ಹೋಗಲಿ.

ನಲವತ್ತು ದಾಟಿ ಪ್ರೋಗ್ರೆಸಿವ್ ಹಾಕಿಕೊಂಡವರಿಗೆ ಇನ್ನೊಂದು ಪೇಚು. ಆ ಲೆನ್ಸಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಪುಸ್ತಕಕ್ಕೆ. ಮಾನಿಟರ್ ಇರುವ 60–70 ಸೆಂ.ಮೀ. ದೂರಕ್ಕೆ ಸಿಗುವುದು ನಡುವಿನ ಕಿರುದಾರಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಎಂಬ ಆಫೀಸುಗಳ ನಿಯಮ ಪಾಲಿಸಿದವರು ಗದ್ದ ಎತ್ತಿಕೊಂಡೇ ಓದುತ್ತಾರೆ, ಸಂಜೆಗೆ ಕತ್ತು ಹಿಡಿಯುತ್ತದೆ, ಬೈಗುಳ ಮಾತ್ರ ಕುರ್ಚಿಗೆ. ಇವರಿಗೆ ಪರದೆ ಕೆಳಗಿಳಿಯಬೇಕು. ಅದಕ್ಕಿಂತ ಮೇಲು, ಕಣ್ಣಿನಿಂದ ಪರದೆಗೆ ಟೇಪು ಹಿಡಿದು ಅಳೆದು, ಆ ದೂರಕ್ಕೆಂದೇ ಬೇರೊಂದು ಕನ್ನಡಕ ಬರೆಸಿಕೊಳ್ಳುವುದು. ಕಣ್ಣು ಪರೀಕ್ಷಿಸುವವರು ಈ ದೂರವನ್ನು ತಾವಾಗಿ ಕೇಳದಿದ್ದರೆ ಹೇಳಿಯೇ ಎದ್ದು ಬರಬೇಕು.

ಅಂಗಡಿಗೆ ಹೋಗುವಾಗ ಪೆನ್ ಡ್ರೈವಿನಲ್ಲಿ ಒಂದು ಕನ್ನಡ ಪುಟ ಇರಲಿ. ಜಲಪಾತ, ಗಿಳಿಗಳ ಡೆಮೊ ವಿಡಿಯೊ ನಿಲ್ಲಿಸಿ ಅದನ್ನು ತೆರೆಯಲು ಒಪ್ಪದವರ ಬಳಿ ವ್ಯಾಪಾರ ಬೇಡ.