ಚಿತ್ರಪುಸ್ತಕದಲ್ಲಿ ಕಾಣದ ಮರಿಹುಳು

ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕಾಗಲಿ, ಶಾಲೆಯ ಕಪಾಟಿಗಾಗಲಿ ಮಕ್ಕಳ ಪುಸ್ತಕ ಕೊಳ್ಳುವಾಗ ನಾವು ಸಾಮಾನ್ಯವಾಗಿ ನೋಡುವುದು ಬೆಲೆ, ಬಣ್ಣ ಹಾಗೂ ಕಡೆಯ ಪುಟದ ನೀತಿ. ಚಿತ್ರ ನಿಜವೇ ಎಂದು ಕೇಳುವವರು ವಿರಳ. ಬೆಳೆ ಮತ್ತು ಕೀಟಗಳ ನಡುವೆ ಕೆಲಸ ಮಾಡುವ ನನಗೆ ಆ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ.

ಗುಲಗಂಜಿ ಹುಳುವನ್ನು ತೆಗೆದುಕೊಳ್ಳಿ. ಕೆಂಪು ಬೆನ್ನಿನ ಮೇಲೆ ಕರಿಚುಕ್ಕೆಗಳಿರುವ ಈ ಜೀವಿ ಮಕ್ಕಳ ಪುಸ್ತಕಗಳಲ್ಲಿ ಹೇರಳವಾಗಿದೆ. ಅದರ ಮರಿಹುಳುವಿನ ಚಿತ್ರ ಮಾತ್ರ ಅಪರೂಪ. ಪುಟ್ಟ ಮೊಸಳೆಯಂಥ ಒರಟು ಮೈಯ ಆ ಮರಿಯೂ ತಾಯಿಯಂತೆಯೇ ಸಸ್ಯಹೇನುಗಳನ್ನು ತಿಂದು ಬೆಳೆಯನ್ನು ಕಾಯುತ್ತದೆ. ಕಾಫಿ ತೋಟದ ಹಿಟ್ಟು ತಿಗಣೆಯ ಹತೋಟಿಗೆ ಬಿಡುವ ಕ್ರಿಪ್ಟೊಲೀಮಸ್ ಕೂಡ ಇದೇ ಬಳಗದ್ದು. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು. ಇದರ ಮರಿಯಂತೂ ಬಿಳಿಯ ಮೇಣದೆಳೆಗಳನ್ನು ಹೊದ್ದು, ತಾನು ತಿನ್ನುವ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಅರಿಯದವರು ಕಳ್ಳನೆಂದು ಬಗೆದು ಕಾವಲುಗಾರನ ಮೇಲೆಯೇ ವಿಷ ಸಿಂಪಡಿಸುತ್ತಾರೆ. ರೆಕ್ಕೆ ಬಂದ ಮೇಲಿನ ಚೆಲುವನ್ನಷ್ಟೇ ನೋಡಿ ಬೆಳೆದ ಮಗುವೇ ನಾಳೆ ಬೆನ್ನಿಗೆ ಪಂಪು ಏರಿಸಿಕೊಂಡು ತೋಟಕ್ಕಿಳಿಯುವುದು.

ಪ್ರಸಿದ್ಧ ಪುಸ್ತಕಗಳೂ ಇದಕ್ಕೆ ಹೊರತಲ್ಲ. ಎರಿಕ್ ಕಾರ್ಲ್ 1969ರಲ್ಲಿ ಪ್ರಕಟಿಸಿದ, ಹೊಟ್ಟೆಬಾಕ ಕಂಬಳಿಹುಳುವಿನ ಪುಸ್ತಕದಲ್ಲಿ ಚಿಟ್ಟೆ ಗೂಡಿನಿಂದ ಹೊರಬರುತ್ತದೆ. ಗೂಡು ಸುತ್ತಿಕೊಳ್ಳುವುದು ರೇಷ್ಮೆಹುಳುವಿನಂಥ ಪತಂಗಗಳ ರೂಢಿ. ಚಿಟ್ಟೆಗಳು ಬಹುಮಟ್ಟಿಗೆ ಬರಿಯ ಕೋಶವಾಗಿ ಎಲೆಗೋ ಕಡ್ಡಿಗೋ ಅಂಟಿಕೊಂಡಿರುತ್ತವೆ. ಆ ಕಾರಣಕ್ಕೆ ಅಷ್ಟು ಸೊಗಸಾದ ಪುಸ್ತಕವನ್ನು ದೂರವಿಡಬೇಕೆಂದು ನಾನು ಹೇಳಲಾರೆ. ಆ ಪುಟ ಬಂದಾಗ ಮಗುವನ್ನು ನಿಂಬೆಗಿಡದ ಬಳಿಗೆ ಕರೆದೊಯ್ದರೆ ಸಾಕು.

ಹೊರದೇಶದ ಚಿತ್ರಗಳ ಅಗ್ಗದ ನಕಲುಗಳ ವಿಷಯದಲ್ಲಿ ಇಷ್ಟು ಔದಾರ್ಯ ಬೇಡ. ಅವುಗಳಲ್ಲಿ ಜೇನುಗೂಡೆಂದರೆ ಕೊಂಬೆಗೆ ಜೋತುಬಿದ್ದ ಕಂದು ಬಣ್ಣದ ಗುಡಾಣ. ಅದು ಕಣಜದ ಗೂಡಿಗೆ ಹತ್ತಿರವಾದದ್ದು. ಹೆಜ್ಜೇನಿನ ಒಂಟಿ ಎರಿಯಾಗಲಿ, ಪೊಟರೆಯೊಳಗಿನ ತುಡುವೆಯ ಸಾಲು ಎರಿಗಳಾಗಲಿ ಅಲ್ಲಿಲ್ಲ. ಆನೆಗೆ ಆಫ್ರಿಕದ ಬೀಸಣಿಗೆಯಂಥ ಕಿವಿ. ಎಲೆಯುದುರುವ ಕಾಲದ ಮುಂದಿನ ಪುಟದಲ್ಲಿ ಹಿಮ! ನಮ್ಮಲ್ಲಿ ಎಲೆ ಉದುರಿದ ಬಳಿಕ ಬರುವುದು ಬಿಸಿಲು, ಮತ್ತು ಮಳೆಗೆ ಮುಂಚೆಯೇ ಮೂಡುವ ಕೆಂಪು ಚಿಗುರು.

ವಿಜ್ಞಾನದ ಪುಸ್ತಕಗಳಲ್ಲಿ ಮುದ್ರಣದ ವರ್ಷವನ್ನೂ, ಬರೆದವರ ಮತ್ತು ಚಿತ್ರಿಸಿದವರ ಹೆಸರನ್ನೂ ನೋಡಬೇಕು. ಪ್ಲೂಟೊವನ್ನು ಒಂಬತ್ತನೆಯ ಗ್ರಹವೆನ್ನುವ ಪುಸ್ತಕ 2006ಕ್ಕಿಂತ ಹಿಂದಿನದು, ಇಲ್ಲವೇ ಹಿಂದಿನದರ ನಕಲು. ಶಿವರಾಮ ಕಾರಂತರ ‘ಬಾಲಪ್ರಪಂಚ’ದಂಥ ಹಳೆಯ ಕೃತಿಯ ಮಾತು ಬೇರೆ. ಅದರ ಮಾಹಿತಿ ಹಳತಾಗಿದ್ದರೂ, ಮಗುವಿನೊಂದಿಗೆ ಲೋಕದ ಸಂಗತಿಗಳನ್ನು ಮಾತಾಡುವ ಬಗೆಗಾಗಿ ಅದು ಕಪಾಟಿನಲ್ಲಿರಬೇಕು. ಹಣದ ಕೊರತೆಯಿರುವ ಶಾಲೆಗಳಿಗೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಅನುವಾದಗಳೆಲ್ಲ ಒಂದೇ ಮಟ್ಟದವಲ್ಲ. ಗಟ್ಟಿಯಾಗಿ ಓದಿ ನೋಡಿಯೇ ಆರಿಸಬೇಕು.

ಪುಸ್ತಕ ಕೊಳ್ಳುವ ಸಮಿತಿಯಲ್ಲಿ ಶಿಕ್ಷಕರ ಜೊತೆಗೆ ಜೇನು ಇಳಿಸುವವರೊಬ್ಬರು, ಸೊಪ್ಪು ಸೌದೆಗೆ ಕಾಡು ಸುತ್ತಿದ ಹಿರಿಯ ಹೆಂಗಸೊಬ್ಬರು ಇರಲಿ. ಅಕ್ಷರ ಬಾರದಿದ್ದರೂ ಅಡ್ಡಿಯಿಲ್ಲ. ಚಿತ್ರ ತೋರಿಸಿ ಇದು ಯಾವ ಹಕ್ಕಿ, ಯಾವ ಮರ ಎಂದು ಕೇಳೋಣ. ಅವರು ಹೇಳುವ ಊರಿನ ಹೆಸರನ್ನು ಪುಟದಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಲು ಗ್ರಂಥಪಾಲಕರು ದಯವಿಟ್ಟು ಅನುಮತಿಸಲಿ.