ಹೆಬ್ಬೆಟ್ಟಿನ ಗುರುತು ಮತ್ತು ವೈದ್ಯಕೀಯ ಸಂಶೋಧನೆ

ಟಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಿಂದ ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ವಿಜಯಪುರ ನಗರಕ್ಕೆ ಬರುವ ರೋಗಿಯು ಚಿಕಿತ್ಸೆಗೆ ಮುನ್ನ ಒಂದು ಕಾಗದದ ಕೆಳಗೆ ಸಹಿ ಹಾಕುತ್ತಾನೆ; ಅಕ್ಷರ ಬಾರದವನಾದರೆ ಹೆಬ್ಬೆಟ್ಟು ಒತ್ತುತ್ತಾನೆ. ಆ ಕಾಗದದಲ್ಲಿ ಏನಿದೆಯೆಂದು ಕೇಳುವವರು ವಿರಳ. ದ್ರಾಕ್ಷಿ ತೋಟದ ಸಾಲಪತ್ರವನ್ನು ನಾಲ್ಕು ಜನರಿಂದ ಓದಿಸಿ ಕೇಳುವ ರೈತನೇ ಆಸ್ಪತ್ರೆಯ ಕಾಗದದ ಮುಂದೆ ‘ಡಾಕ್ಟರ್ ಹೇಳ್ಯಾರಂದ್ರ ಆತು’ ಎಂದು ಸುಮ್ಮನಾಗುತ್ತಾನೆ.

ಚಿಕಿತ್ಸೆಯ ಮಟ್ಟಿಗೆ ಈ ವಿಶ್ವಾಸವು ಬಹುಮಟ್ಟಿಗೆ ಹಿತಕರವೇ ಸರಿ. ಸಂಶೋಧನೆಯ ಮಾತು ಬೇರೆ. ಎರಡು ಔಷಧಗಳಲ್ಲಿ ಯಾವುದು ಮೇಲೆಂಬುದು ವೈದ್ಯನಿಗೇ ತಿಳಿಯದಿರುವುದರಿಂದಲೇ ಪ್ರಯೋಗ ನಡೆಯುತ್ತದೆ. ಅಲ್ಲಿ ರೋಗಿಯು ಕೇವಲ ಉಪಕಾರ ಪಡೆಯುವವನಲ್ಲ, ಮುಂದಿನವರಿಗೆ ಉಪಕಾರ ಮಾಡುವವನೂ ಹೌದು. ವಿಜಯಪುರದಲ್ಲಿ 1984ರಲ್ಲಿ ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯವೂ, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯವೂ ಆರಂಭವಾದವು. ವೈದ್ಯರನ್ನು ತರಬೇತುಗೊಳಿಸುವ ಆಸ್ಪತ್ರೆಯಿದ್ದಲ್ಲಿ ಅಧ್ಯಯನವೂ ಇದ್ದೇ ಇರುತ್ತದೆ. ಆ ಅಧ್ಯಯನಕ್ಕೆ ಒದಗುವ ರೋಗಿಗಳು ಬಹುಪಾಲು ಸುತ್ತಲಿನ ಬಡ ಒಕ್ಕಲುಮಕ್ಕಳು, ತಾಂಡಾದವರು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿಬರುವವರು.

ನೆರೆಯ ಬೆಳಗಾವಿ ಜಿಲ್ಲೆಯಲ್ಲಿ ನಡೆದ ಒಂದು ಪ್ರಯೋಗವು ಈ ಸಂದರ್ಭದಲ್ಲಿ ವಿಚಾರಾರ್ಹವಾಗಿದೆ. 2002ರಿಂದ 2005ರವರೆಗೆ ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಅಮೆರಿಕದ ವಿದ್ವಾಂಸರೊಡಗೂಡಿ, ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಪರೀಕ್ಷಿಸಿದರು. ಹಳ್ಳಿಯ 1620 ಬಾಣಂತಿಯರಲ್ಲಿ 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ಔಷಧವಿಲ್ಲದ ಹುಸಿಗುಳಿಗೆ ದೊರೆಯಿತು. ಯಾರಿಗೆ ಯಾವುದೆಂಬುದು ಕೊಟ್ಟ ದಾದಿಗೂ ತಿಳಿದಿರಲಿಲ್ಲ. ಹುಸಿಗುಳಿಗೆ ಪಡೆದವರಲ್ಲಿ ಶೇಕಡಾ 12ರಷ್ಟು ಮಂದಿಗೆ ಅತಿಯಾದ ರಕ್ತಸ್ರಾವವಾಯಿತು; ಔಷಧ ಪಡೆದವರಲ್ಲಿ ಅದು ಶೇಕಡಾ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಉಪಕಾರ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆಕ್ಸಿಟೋಸಿನ್ ಚುಚ್ಚುಮದ್ದು ರಕ್ತಸ್ರಾವವನ್ನು ತಡೆಯುತ್ತದೆಂಬುದು ಆಗಲೇ ಗೊತ್ತಿತ್ತು. ಶ್ರೀಮಂತ ದೇಶದ ಆಸ್ಪತ್ರೆಯಲ್ಲಿ ಬಾಣಂತಿಗೆ ಹುಸಿಗುಳಿಗೆ ಕೊಟ್ಟು ನೋಡುವುದು ಕಲ್ಪನೆಗೂ ನಿಲುಕದ ಮಾತು. ಬೆಳಗಾವಿಯ ಹಳ್ಳಿಗಳಲ್ಲಿ ಅದು ಸಾಧ್ಯವಾದದ್ದು, ಆ ಚುಚ್ಚುಮದ್ದನ್ನು ತಂಪಿನಲ್ಲಿರಿಸುವ ಅನುಕೂಲವಾಗಲಿ, ಕೊಡಲು ಕುಶಲ ಕೈಗಳಾಗಲಿ ಅಲ್ಲಿ ಇಲ್ಲದಿದ್ದ ಕಾರಣದಿಂದ. ಮೊದಲೇ ಏನೂ ದೊರೆಯದವರಿಗೆ ಏನೂ ಕೊಡದಿರುವುದು ಅನ್ಯಾಯವಲ್ಲವೆಂದು ಸಂಶೋಧಕರ ಪಕ್ಷದವರು ಹೇಳುತ್ತಾರೆ. ತರ್ಕಕ್ಕೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ ಬಡತನವೇ ಪ್ರಯೋಗಕ್ಕೆ ಅರ್ಹತೆಯಾಗುವುದಾದರೆ, ಆ ಬಡವಳನ್ನು ಕೇಳುವ ರೀತಿಯಲ್ಲಿ ಇಮ್ಮಡಿ ಎಚ್ಚರ ಬೇಕು.

ಕಾನೂನು ಈ ಎಚ್ಚರವನ್ನು ಬಹಳಷ್ಟು ಒದಗಿಸಿದೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಮ್ಮತಿ ಪಡೆಯುವ ಸಂಭಾಷಣೆಯನ್ನು ಧ್ವನಿ-ಚಿತ್ರ ಸಮೇತ ದಾಖಲಿಸಬೇಕೆಂದಿತು. 2019ರ ಹೊಸ ಔಷಧಗಳ ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳ ಪ್ರಕಾರ, ಓದಲಾರದವರಿಗೆ ವಿವರಿಸುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಆದ್ಯಂತ ಹಾಜರಿರಬೇಕು. ಆದರೆ ಸಮ್ಮತಿಪತ್ರದ ಕನ್ನಡವೇ ಅನೇಕ ವೇಳೆ ಒಗಟಾಗಿರುತ್ತದೆ. ‘ಯಾದೃಚ್ಛಿಕ ಹಂಚಿಕೆ’ ಎಂದರೆ ಬಬಲೇಶ್ವರದ ಸಂತೆಯಲ್ಲಿ ಯಾರಿಗೆ ತಿಳಿದೀತು? ‘ಚೀಟಿ ಎತ್ತಿಧಂಗ, ನಿಮಗ ಯಾವ ಗುಳಿಗಿ ಬರ್ತದ ನಮಗೂ ಗೊತ್ತಿಲ್ಲ’ ಎಂದರೆ ಮುದುಕಿಯೂ ತಲೆದೂಗುತ್ತಾಳೆ, ಅಥವಾ ‘ನನಗ ಬ್ಯಾಡ’ ಎನ್ನುತ್ತಾಳೆ. ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲವೆಂಬುದು ಆಕೆಗೆ ಮನವರಿಕೆಯಾಗದೆ ಒತ್ತಿದ ಹೆಬ್ಬೆಟ್ಟು ಬರಿಯ ಮಸಿ. ಲಂಬಾಣಿ ಮನೆಮಾತಿನವರಿಗಂತೂ ಇಷ್ಟೂ ದೊರೆಯುವುದು ದುರ್ಲಭ.

ಇಲ್ಲಿ ಶಾಲೆ, ಮಠಗಳ ಪಾತ್ರವೇನೆಂಬ ಪ್ರಶ್ನೆಗೆ ಅದೇ 2019ರ ನಿಯಮಗಳಲ್ಲಿ ಉತ್ತರವಿದೆ. ಪ್ರತಿಯೊಂದು ಚಿಕಿತ್ಸಾ ಪ್ರಯೋಗವನ್ನು ಪರಿಶೀಲಿಸುವ ನೀತಿ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಗೆ ಹೊರಗಿನವರಾಗಿರಬೇಕು. ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ ಇರಲೇಬೇಕು. ಸಮಾಜ ವಿಜ್ಞಾನಿ, ತತ್ತ್ವಜ್ಞ ಅಥವಾ ಧರ್ಮಶಾಸ್ತ್ರಜ್ಞರಂಥವರಿಗೂ ಒಂದು ಪೀಠವಿದೆ. ಈ ಸಾಮಾನ್ಯ ನಾಗರಿಕನ ಪೀಠವನ್ನು ನಗರದ ಯಾರೋ ಪರಿಚಿತ ಗಣ್ಯರಿಂದ ತುಂಬುವುದು ಸುಲಭ. ಆದರೆ ಸಮ್ಮತಿಪತ್ರವನ್ನು ಓದಿ ‘ಇದು ನಮ್ಮ ಊರಿನವರಿಗೆ ತಿಳಿಯುವುದಿಲ್ಲ, ತಿದ್ದಿರಿ’ ಎನ್ನಬಲ್ಲವರು ಟಿಕೋಟಾದ ನಿವೃತ್ತ ಶಿಕ್ಷಕಿಯೋ ಬಬಲೇಶ್ವರದ ಓದುಬಲ್ಲ ಒಕ್ಕಲಿಗನೋ ಆಗಿರುತ್ತಾರೆ. ಅಂಥವರು ಇಂಥ ಶಾಲೆಗಳ ಹಳೆಯ ವಿದ್ಯಾರ್ಥಿಗಳಲ್ಲಿ ಹೇರಳವಾಗಿದ್ದಾರೆ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ಅವರ ಹೆಸರುಗಳನ್ನು ತಮ್ಮ ಸಂಸ್ಥೆಗಳಿಗೆ ಸೂಚಿಸಬಹುದು. ಅವರಿಗೆ ಬೇಕಾದ ತರಬೇತಿಯ ವೆಚ್ಚವನ್ನೂ, ಸಭೆಗೆ ಬಂದುಹೋಗುವ ಬಸ್ಸಿನ ಖರ್ಚನ್ನೂ ದಾನಿಗಳು ವಹಿಸಿಕೊಳ್ಳಬಹುದು. ಆ ಹಣವು ಆಸ್ಪತ್ರೆಯಿಂದ ಬಾರದಿರುವುದೇ ಲೇಸು.