ಮೂಗುತಿಗೆ ಶಾಸನವಿಲ್ಲ

ಅಮೃತಾಪುರದಲ್ಲಿ ಜನ್ನನು ರಚಿಸಿದ ಶಾಸನವು ದೇವಾಲಯ ಕಟ್ಟಿಸಿದ ಅಮೃತೇಶ್ವರ ದಂಡನಾಯಕನ ಕೀರ್ತಿಯನ್ನು ಕಲ್ಲಿನಲ್ಲಿ ಉಳಿಸಿದೆ. ಪುರಂದರದಾಸರ ಐತಿಹ್ಯದಲ್ಲಿ ಮೊದಲು ಕೊಟ್ಟವಳು ಜಿಪುಣ ಶ್ರೀನಿವಾಸನಾಯಕನ ಮಡದಿ. ಮಗನ ಉಪನಯನಕ್ಕೆಂದು ಬೇಡಿದ ಬಡ ಬ್ರಾಹ್ಮಣನಿಗೆ ಮೂಗುತಿ ಕೊಟ್ಟು, ಪತಿಯ ಕೋಪಕ್ಕಂಜಿ ವಿಷದ ಬಟ್ಟಲನ್ನೂ ಎತ್ತಿದವಳು. ವಿಮರ್ಶೆಯಾದರೋ ಈ ಪ್ರಸಂಗವನ್ನು ಬಹುಮಟ್ಟಿಗೆ ನಾಯಕನ ವೈರಾಗ್ಯಕ್ಕೆ ಪೀಠಿಕೆಯೆಂದು ದಾಟಿಬಿಡುತ್ತದೆ. ಡಿಕನ್ಸನ 1843ರ ಕ್ರಿಸ್‌ಮಸ್ ಕಥೆಯ ಲೋಭಿ ಸ್ಕ್ರೂಜನನ್ನು ಕೊನೆಗೆ ಬಗ್ಗಿಸುವುದು ಅವನದೇ ಗೋರಿಯ ದರ್ಶನ. ಇಲ್ಲಿ ಸಾವಿನ ಅಂಚಿಗೆ ಹೋದವಳು ಹೆಂಡತಿ, ಬದಲಾದವನು ಗಂಡ. ಹರಿಯೇ ಬ್ರಾಹ್ಮಣವೇಷದಲ್ಲಿ ಬಂದನೆಂಬ ನಂಬಿಕೆ ಈ ಕ್ರೌರ್ಯವನ್ನು ಮರೆಸುತ್ತದೆ. ಐತಿಹ್ಯದ ಚಾರಿತ್ರಿಕತೆ ಬೇರೆಯೇ ಪ್ರಶ್ನೆ. ಆದರೆ ದಾಸರದೆಂದು ಪ್ರಸಿದ್ಧವಾದ ಕೀರ್ತನೆಯೊಂದು ತಮ್ಮ ಪರಿವರ್ತನೆಯ ಉಪಕಾರವನ್ನು ಹೆಂಡತಿಗೇ ಸಲ್ಲಿಸುತ್ತದೆ. ಸಂಶೋಧಕರು ಆ ಮಾತನ್ನು ವಿನಯವೆಂದಷ್ಟೇ ಓದಬೇಕಾಗಿಲ್ಲ.